ಅಡುಗೆಮನೆಯ ನೀಲಿ ಉರಿ: ಗ್ಯಾಸ್ ಒಲೆಯೂ ಅದಕ್ಕೊಪ್ಪುವ ಪಾತ್ರೆಯೂ



ಶಾಲೆಯ ಪ್ರಯೋಗಶಾಲೆಯಲ್ಲಿ ಬುನ್ಸೆನ್ ಬರ್ನರ್ ಹೊತ್ತಿಸುವಾಗ ನೀವೆಲ್ಲ ಎಷ್ಟು ಎಚ್ಚರದಿಂದ ಇರುತ್ತೀರಿ ಎಂಬುದನ್ನು ನಾನು ನೋಡಿದ್ದೇನೆ. ಗುರುಗಳು ಪಕ್ಕದಲ್ಲಿ ನಿಂತಿರುತ್ತಾರೆ. ಗಾಳಿಯ ರಂಧ್ರ ತೆರೆದಿದೆಯೇ ಎಂದು ನೋಡುತ್ತೀರಿ. ಜ್ವಾಲೆಯ ಚಿತ್ರ ಬರೆದು ಅದರ ವಲಯಗಳನ್ನು ಗುರುತಿಸುತ್ತೀರಿ. ಆದರೆ ಅದೇ ಬರ್ನರಿನ ಅಣ್ಣನೋ ತಮ್ಮನೋ ನಿಮ್ಮ ಮನೆಯ ಅಡುಗೆಮನೆಯಲ್ಲಿ ದಿನಕ್ಕೆ ಮೂರು ಹೊತ್ತು ಉರಿಯುತ್ತಿದ್ದಾನೆ. ಅವನ ಕಡೆಗೆ ನಮ್ಮ ಲಕ್ಷ್ಯ ಅಷ್ಟಾಗಿ ಹೋಗುವುದಿಲ್ಲ. ಈ ಹೊತ್ತಿನ ನನ್ನ ಮಾತು ಅವನನ್ನು ಕುರಿತದ್ದು. ಗ್ಯಾಸ್ ಒಲೆ ಹೇಗೆ ಕೆಲಸ ಮಾಡುತ್ತದೆ, ಅದರ ಮೇಲೆ ಎಂಥ ಪಾತ್ರೆ ಇಡಬೇಕು, ಎಲ್ಲಿ ನಾವು ಎಡವುತ್ತೇವೆ ಎಂಬ ವಿಷಯಗಳನ್ನು ಒಂದೊಂದಾಗಿ ನೋಡೋಣ.

ಮೊದಲು ನಾನೇ ಎಡವಿದ ಒಂದು ಪ್ರಸಂಗವನ್ನು ಹೇಳಿಬಿಡುತ್ತೇನೆ.

ನನ್ನ ಊರು ಗದಗ ತಾಲ್ಲೂಕಿನ ಹಿರೇಹಂದಿಗೋಳ. ಎರೆಮಣ್ಣಿನ ಸೀಮೆ. ಜೋಳ, ಹತ್ತಿ, ಉಳ್ಳಾಗಡ್ಡಿ, ಮೆಣಸಿನಕಾಯಿ ಬೆಳೆಯುವ ನಾಡು. ನಾನು ಚಿಕ್ಕವನಿದ್ದಾಗ ನಮ್ಮ ಮನೆಯ ಒಲೆಯಲ್ಲಿ ಉರಿಯುತ್ತಿದ್ದುದು ಹತ್ತಿಕಟ್ಟಿಗೆ ಮತ್ತು ಕುಳ್ಳು. ಮಳೆಗಾಲದಲ್ಲಿ ಕಟ್ಟಿಗೆ ಹಸಿಯಾದರೆ ಅವ್ವ ಊದುಗೊಳವೆ ಹಿಡಿದು ಊದಿ ಊದಿ ಕಣ್ಣು ಕೆಂಪು ಮಾಡಿಕೊಳ್ಳುತ್ತಿದ್ದಳು. ಧಾರವಾಡದಲ್ಲಿ ನಾನು ಬಿ.ಎಸ್ಸಿ. ಎರಡನೆಯ ವರ್ಷದಲ್ಲಿದ್ದಾಗ ಮನೆಗೆ ಗ್ಯಾಸ್ ಬಂತು. ಗದಗ ಪ್ರತ್ಯೇಕ ಜಿಲ್ಲೆಯಾಗಿ (1997) ಆಗಿನ್ನೂ ಎರಡು ಮೂರು ವರ್ಷ ಕಳೆದಿತ್ತಷ್ಟೆ. ಓಣಿಯ ಹೆಣ್ಣುಮಕ್ಕಳೆಲ್ಲ ಬಂದು ಒಲೆ ನೋಡಿ ಹೋದರು. "ಕುಂತು ಅಡಿಗಿ ಮಾಡಾಕಿಗೆ ಈಗ ನಿಂತು ಮಾಡೂದು ಬಂತು ನೋಡ್ರಿ" ಎಂದು ಅವ್ವ ನಗುತ್ತಿದ್ದಳು.

ಆ ವರ್ಷದ ದೀಪಾವಳಿ ರಜೆ. ನಸುಕಿನಲ್ಲಿ ಎಚ್ಚರವಾದಾಗ ಪಡಸಾಲೆಯವರೆಗೆ ಒಂದು ಕೆಟ್ಟ ವಾಸನೆ ಬರುತ್ತಿತ್ತು. ಕೊಳೆತ ಉಳ್ಳಾಗಡ್ಡಿಯ ವಾಸನೆ. ಏನೆಂದು ನೋಡಲು ನಾನು ಎದ್ದು ಅಡುಗೆಮನೆಗೆ ಹೋದೆ. ಒಳಗೆ ಕತ್ತಲೆ. ನನ್ನ ಕೈ ತಾನಾಗಿಯೇ ಗೋಡೆಯ ಮೇಲಿನ ಸ್ವಿಚ್ಚನ್ನು ಹುಡುಕುತ್ತಿತ್ತು. ಅಷ್ಟರಲ್ಲಿ ಹಿಂದಿನಿಂದ ಬಂದ ಅವ್ವ ನನ್ನ ಮುಂಗೈ ಹಿಡಿದಳು.

"ಬಟನ್ ಒತ್ತಬ್ಯಾಡೋ ತಮ್ಮಾ! ಮೊದ್ಲ ಹಿತ್ತಲ ಬಾಗ್ಲಾ ತಗಿ!"

ನಾನು ಬಾಗಿಲು ತೆರೆದೆ. ಅವಳು ಕತ್ತಲೆಯಲ್ಲೇ ತಡವಿ ಸಿಲಿಂಡರಿನ ರೆಗ್ಯುಲೇಟರ್ ಬಂದ್ ಮಾಡಿದಳು. ಬೆಳಗಾಗುವವರೆಗೆ ಇಬ್ಬರೂ ಅಂಗಳದಲ್ಲಿ ಕುಳಿತಿದ್ದೆವು. ಆಗ ಅವಳು ಕೇಳಿದ ಮಾತು ಇಂದಿಗೂ ನನ್ನ ಕಿವಿಯಲ್ಲಿದೆ: "ವಾಸನಿ ಬಂದ್ರ ದೀಪಾ ಹಚ್ಚಬಾರದು ಅಂತ ಗ್ಯಾಸ್ ತಂದಾಂವ ಹೇಳಿ ಹೋಗ್ಯಾನ. ನೀ ಕಾಲೇಜಿಗೆ ಹೋಗಾಂವ, ನಿನಗ ಗೊತ್ತಿಲ್ಲೇನು?"

ಗೊತ್ತಿತ್ತು. ಅನಿಲಗಳ ಸಾಂದ್ರತೆಯ ಬಗ್ಗೆ ಪರೀಕ್ಷೆಯಲ್ಲಿ ಪುಟಗಟ್ಟಲೆ ಬರೆದಿದ್ದೆ. ಆದರೆ ಆ ವಿದ್ಯೆ ತಲೆಯಲ್ಲಿತ್ತೇ ಹೊರತು ಕೈಗೆ ಇಳಿದಿರಲಿಲ್ಲ. ಶಾಲೆಯ ಮೆಟ್ಟಿಲು ಹತ್ತದ ಅವ್ವನಿಗೆ ಕೇಳಿದ ಒಂದೇ ಮಾತು ಕೈಗೆ ಇಳಿದಿತ್ತು. ಇಂದು ನಾನು ನಿಮಗೆ ಹೇಳಹೊರಟಿರುವುದೆಲ್ಲ ತಲೆಯಿಂದ ಕೈಗೆ ಇಳಿಯಬೇಕಾದ ವಿಷಯ.

ಸಿಲಿಂಡರಿನ ಒಳಗೆ ಏನಿದೆ?

ನಾವು 'ಗ್ಯಾಸ್' ಎಂದು ಕರೆಯುವ ಎಲ್‌ಪಿಜಿ, ಮುಖ್ಯವಾಗಿ ಪ್ರೋಪೇನ್ ಮತ್ತು ಬ್ಯೂಟೇನ್ ಎಂಬ ಎರಡು ಹೈಡ್ರೋಕಾರ್ಬನ್‌ಗಳ ಮಿಶ್ರಣ. ಒತ್ತಡದಲ್ಲಿ ಇಟ್ಟರೆ ಅದು ದ್ರವವಾಗುತ್ತದೆ. ಮನೆಬಳಕೆಯ ಸಿಲಿಂಡರಿನಲ್ಲಿ 14.2 ಕಿಲೋಗ್ರಾಂ ದ್ರವವಿರುತ್ತದೆ. ಅದರ ಮೇಲಿನ ಖಾಲಿ ಜಾಗದಲ್ಲಿ ಅದರದೇ ಆವಿ ತುಂಬಿರುತ್ತದೆ. ಒಂದು ಲೀಟರ್ ದ್ರವ ಹೊರಬಂದು ಆವಿಯಾದರೆ ಸುಮಾರು 250 ಲೀಟರ್ ಅನಿಲವಾಗುತ್ತದೆ. ಸಿಲಿಂಡರನ್ನು ಸದಾ ನೆಟ್ಟಗೆ ನಿಲ್ಲಿಸಬೇಕು ಎನ್ನುವುದು ಈ ಕಾರಣಕ್ಕೆ. ಗ್ಯಾಸ್ ಮುಗಿಯುತ್ತಾ ಬಂದಾಗ ಕೆಲವರು ಅದನ್ನು ಮಲಗಿಸುತ್ತಾರೆ, ಅಲುಗಾಡಿಸುತ್ತಾರೆ. ಮಲಗಿಸಿದಾಗ ಆವಿಯ ಬದಲು ದ್ರವವೇ ಕೊಳವೆಗೆ ನುಗ್ಗಿದರೆ ಒಲೆಯ ಮೇಲೆ ಉರಿ ಆಳೆತ್ತರ ಎದ್ದೀತು.

ಸಿಲಿಂಡರಿನೊಳಗಿನ ಒತ್ತಡ ನಮ್ಮ ಸುತ್ತಲಿನ ಗಾಳಿಯ ಒತ್ತಡಕ್ಕಿಂತ ಹಲವು ಪಟ್ಟು ಹೆಚ್ಚು. ಒಲೆಗೆ ಬೇಕಾದದ್ದು ಅದರಲ್ಲಿ ಬಹಳ ಸ್ವಲ್ಪ, ಸುಮಾರು 30 ಮಿಲಿಬಾರ್ ಮಾತ್ರ. ಈ ಇಳಿಕೆಯನ್ನು ಮಾಡುವುದು ರೆಗ್ಯುಲೇಟರ್. ಅದೊಂದು ಬರಿಯ ನಲ್ಲಿಯಲ್ಲ, ಒತ್ತಡವನ್ನು ಪಳಗಿಸುವ ಸಾಧನ. ಆದ್ದರಿಂದ ಅದನ್ನು ಬಿಚ್ಚಿ ರಿಪೇರಿ ಮಾಡುವ ಸಾಹಸ ಬೇಡ.

ಎಲ್‌ಪಿಜಿಗೆ ಸ್ವಂತ ವಾಸನೆ ಇಲ್ಲವೆಂದೇ ಹೇಳಬಹುದು. ಸೋರಿಕೆ ನಮ್ಮ ಮೂಗಿಗೆ ತಿಳಿಯಲೆಂದು ಅದಕ್ಕೆ ಈಥೈಲ್ ಮರ್ಕ್ಯಾಪ್ಟನ್ ಎಂಬ ಗಂಧಕಯುಕ್ತ ರಾಸಾಯನಿಕವನ್ನು ಬೆರೆಸುತ್ತಾರೆ. ಆ ನಸುಕಿನಲ್ಲಿ ನನ್ನನ್ನು ಎಬ್ಬಿಸಿದ್ದು ಅದೇ.

ಇನ್ನು ಮುಖ್ಯವಾದ ಸಂಗತಿ. ಪ್ರೋಪೇನ್ ಗಾಳಿಗಿಂತ ಸುಮಾರು ಒಂದೂವರೆ ಪಟ್ಟು, ಬ್ಯೂಟೇನ್ ಸುಮಾರು ಎರಡು ಪಟ್ಟು ಭಾರ. ಸೋರಿದ ಅನಿಲ ಹೊಗೆಯಂತೆ ಮೇಲಕ್ಕೆ ಏರುವುದಿಲ್ಲ. ನೀರಿನಂತೆ ನೆಲದ ಮೇಲೆ ಹರಡಿ ತಗ್ಗಿನಲ್ಲಿ, ಮೂಲೆಯಲ್ಲಿ, ಮೋರಿಯಲ್ಲಿ ನಿಲ್ಲುತ್ತದೆ. ಗಾಳಿಯಲ್ಲಿ ಅದರ ಪ್ರಮಾಣ ಶೇಕಡಾ 2ರಿಂದ 9ರವರೆಗೆ ಇದ್ದಾಗ ಒಂದು ಕಿಡಿ ಸಾಕು, ಸ್ಫೋಟವಾಗುತ್ತದೆ. ಒಂದು ಸಣ್ಣ ಲೆಕ್ಕ ಮಾಡೋಣ. ಮೂರು ಮೀಟರ್ ಉದ್ದ, ಮೂರು ಮೀಟರ್ ಅಗಲದ ಅಡುಗೆಮನೆ ಇದೆ ಎನ್ನಿ. ನೆಲದಿಂದ 30 ಸೆಂಟಿಮೀಟರ್ ಎತ್ತರದವರೆಗಿನ ಗಾಳಿಯ ಗಾತ್ರ 2,700 ಲೀಟರ್. ಅದರ ಶೇಕಡಾ 2 ಎಂದರೆ 54 ಲೀಟರ್ ಅನಿಲ. ಇಷ್ಟು ಅನಿಲಕ್ಕೆ ಎಷ್ಟು ದ್ರವ ಸೋರಿರಬೇಕು? 54ನ್ನು 250ರಿಂದ ಭಾಗಿಸಿ: 200 ಮಿಲಿಲೀಟರಿಗಿಂತ ತುಸು ಹೆಚ್ಚು. ಅಂದರೆ ಒಂದು ಲೋಟದಷ್ಟು! ಸಿಲಿಂಡರಿನ ತೂಕದಲ್ಲಿ ವ್ಯತ್ಯಾಸವೇ ಕಾಣದಷ್ಟು ಸೋರಿದರೂ ಮನೆಯ ನೆಲ ಅಪಾಯದ ಮಟ್ಟ ಮುಟ್ಟಿರಬಹುದು.

ಸ್ವಿಚ್ ಹಾಕಿದಾಗಲೂ ಆರಿಸಿದಾಗಲೂ ಅದರೊಳಗೆ ಸಣ್ಣ ಕಿಡಿ ಹಾರುತ್ತದೆ. ಆದ್ದರಿಂದ ವಾಸನೆ ಬಂದಾಗ ಆರಿದ ದೀಪವನ್ನು ಹಾಕಬಾರದು, ಉರಿಯುವ ದೀಪವನ್ನು ಆರಿಸಲೂ ಬಾರದು. ಹೊಗೆ ಎಳೆಯುವ ಫ್ಯಾನನ್ನೂ ಮುಟ್ಟಬಾರದು.

ನೀಲಿ ಉರಿ, ಹಳದಿ ಉರಿ

ಜರ್ಮನಿಯ ಹೈಡಲ್‌ಬರ್ಗಿನಲ್ಲಿ ರಾಬರ್ಟ್ ಬುನ್ಸೆನ್ 1855ರ ಹೊತ್ತಿಗೆ ಬಳಕೆಗೆ ತಂದ ಬರ್ನರಿನ ತತ್ತ್ವವೇ ನಮ್ಮ ಒಲೆಯಲ್ಲೂ ಇದೆ. ನಾಬ್ ತಿರುಗಿಸಿದಾಗ ಅನಿಲ ಸೂಜಿಯ ಕಣ್ಣಿನಂಥ ಒಂದು ಸಣ್ಣ ರಂಧ್ರದಿಂದ ವೇಗವಾಗಿ ಚಿಮ್ಮುತ್ತದೆ. ಇದಕ್ಕೆ ಜೆಟ್ ಎನ್ನುತ್ತಾರೆ. ಆ ವೇಗಕ್ಕೆ ಪಕ್ಕದ ಕಿಂಡಿಯಿಂದ ಗಾಳಿ ಒಳಗೆ ಎಳೆಯಲ್ಪಡುತ್ತದೆ. ಎರಡೂ ಕೊಳವೆಯಲ್ಲಿ ಬೆರೆತು ಬರ್ನರಿನ ತೂತುಗಳ ಮೂಲಕ ಹೊರಬಂದು ಉರಿಯುತ್ತವೆ. ಉಳಿದ ಗಾಳಿಯನ್ನು ಜ್ವಾಲೆ ತನ್ನ ಸುತ್ತಲಿನಿಂದ ಪಡೆಯುತ್ತದೆ. ರಸಾಯನಶಾಸ್ತ್ರದ ಸಮೀಕರಣ ಬರೆದು ನೋಡಿ: ಒಂದು ಗಾತ್ರ ಪ್ರೋಪೇನ್ ಪೂರ್ತಿ ಉರಿಯಲು ಐದು ಗಾತ್ರ ಆಮ್ಲಜನಕ ಬೇಕು. ಗಾಳಿಯಲ್ಲಿ ಆಮ್ಲಜನಕ ಐದರಲ್ಲಿ ಒಂದು ಪಾಲು ಮಾತ್ರ. ಹೀಗಾಗಿ ಸುಮಾರು 24 ಗಾತ್ರ ಗಾಳಿ ಬೇಕಾಗುತ್ತದೆ. ಬ್ಯೂಟೇನಿಗೆ ಸುಮಾರು 31.

ಗಾಳಿ ಸಾಕಷ್ಟು ಸಿಕ್ಕರೆ ಉರಿ ನೀಲಿಯಾಗಿ, ಗಟ್ಟಿಯಾಗಿ ಇರುತ್ತದೆ. ಸಾಲದಿದ್ದರೆ ಇಂಗಾಲ ಪೂರ್ತಿ ಉರಿಯದೆ ಸಣ್ಣ ಕಣಗಳಾಗಿ ಕೆಂಪಗೆ ಕಾಯುತ್ತದೆ. ಉರಿ ಹಳದಿಯಾಗಿ ಕಾಣುತ್ತದೆ. ಆ ಕಣಗಳೇ ಪಾತ್ರೆಯ ತಳಕ್ಕೆ ಮಸಿಯಾಗಿ ಹತ್ತುತ್ತವೆ. ಇದರ ಜೊತೆಗೆ ಕಣ್ಣಿಗೆ ಕಾಣದ, ವಾಸನೆಯೂ ಇಲ್ಲದ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲವೂ ಹುಟ್ಟುತ್ತದೆ. ಕಿಟಕಿ ಬಾಗಿಲು ಭದ್ರವಾಗಿ ಮುಚ್ಚಿ ಒಲೆ ಉರಿಸಬಾರದು. ಗಾಳಿಯಾಡದ ಬಚ್ಚಲುಮನೆಯಲ್ಲಿ ಗ್ಯಾಸ್ ಗೀಸರ್ ಇಡಬಾರದು ಎಂಬ ಮಾತೂ ಇದೇ ಕಾರಣಕ್ಕೆ ಹುಟ್ಟಿದ್ದು. ಒಲೆ ಇರುವ ಕೋಣೆಗೆ ನೆಲಮಟ್ಟದಲ್ಲಿ ಒಂದು ಕಿಂಡಿ, ಮೇಲೆ ಒಂದು ಕಿಂಡಿ ಇರಬೇಕು. ಕೆಳಗಿನದು ಸೋರಿದ ಅನಿಲಕ್ಕೆ, ಮೇಲಿನದು ಬಿಸಿ ಹೊಗೆಗೆ.

ಇಲ್ಲೊಂದು ಸೂಕ್ಷ್ಮವಿದೆ. ಪಲ್ಯಕ್ಕೆ ಹಾಕುವ ಉಪ್ಪು ಬರ್ನರಿನ ಮೇಲೆ ಚೆಲ್ಲಿದರೂ ಉರಿ ಕ್ಷಣಕಾಲ ಹಳದಿಯಾಗುತ್ತದೆ. ಅದು ಸೋಡಿಯಂ ಕೊಡುವ ಬಣ್ಣ, ಗಾಬರಿ ಬೇಡ. ಹಳದಿ ಬಣ್ಣ ಹೋಗದೆ ಉಳಿದರೆ, ಪಾತ್ರೆಗೆ ಮಸಿ ಹತ್ತತೊಡಗಿದರೆ, ಬರ್ನರಿನ ತೂತುಗಳು ಉಕ್ಕಿದ ಹಾಲಿನಿಂದಲೋ ಬೇಳೆಯ ಕಟ್ಟಿನಿಂದಲೋ ಕಟ್ಟಿವೆ, ಇಲ್ಲವೆ ಗಾಳಿಯ ಕಿಂಡಿಗೆ ಧೂಳು, ಜೇಡರಬಲೆ ಹಿಡಿದಿದೆ ಎಂದು ತಿಳಿಯಿರಿ. ಒಲೆ ತಣ್ಣಗಾದ ಮೇಲೆ ಬರ್ನರಿನ ತಲೆಯನ್ನು ಬಿಸಿ ಸೋಪಿನ ನೀರಿನಲ್ಲಿ ಬ್ರಷ್ಷಿನಿಂದ ತೊಳೆದು, ಪೂರ್ತಿ ಒಣಗಿಸಿ ಕೂರಿಸಿ. ಜೆಟ್ಟಿನ ರಂಧ್ರಕ್ಕೆ ಮಾತ್ರ ಪಿನ್ನು ಚುಚ್ಚಬೇಡಿ. ರಂಧ್ರ ಕೂದಲೆಳೆಯಷ್ಟು ದೊಡ್ಡದಾದರೂ ಅನಿಲ ಹೆಚ್ಚಾಗಿ ಉರಿ ಕೆಡುತ್ತದೆ. ಆ ಕೆಲಸ ತರಬೇತಿ ಪಡೆದ ಮೆಕ್ಯಾನಿಕ್‌ನದು.

ಹಚ್ಚುವ ಕ್ರಮವೂ ಮುಖ್ಯ. ಕಡ್ಡಿಪೆಟ್ಟಿಗೆ ಬಳಸುವುದಾದರೆ ಮೊದಲು ಕಡ್ಡಿ ಗೀರಿ, ಆಮೇಲೆ ನಾಬ್ ತಿರುಗಿಸಿ. ಉರಿ ಹತ್ತದಿದ್ದರೆ ಬಂದ್ ಮಾಡಿ, ಒಂದೆರಡು ನಿಮಿಷ ಗಾಳಿಯಾಡಲು ಬಿಟ್ಟು ಮತ್ತೆ ಪ್ರಯತ್ನಿಸಿ. ನಾಬ್ ತೆರೆದಿಟ್ಟು ಕಡ್ಡಿ ಹುಡುಕುವುದು ಅಪಾಯವನ್ನು ಕರೆದು ಕೂರಿಸಿದ ಹಾಗೆ.

ಒಲೆಯಷ್ಟು ಪಾತ್ರೆ, ಪಾತ್ರೆಯಷ್ಟು ಉರಿ

ಈಗ ಪಾತ್ರೆಯ ವಿಷಯಕ್ಕೆ ಬರೋಣ. ಜ್ವಾಲೆಯ ತುದಿ ಪಾತ್ರೆಯ ತಳದೊಳಗೇ ನಿಲ್ಲಬೇಕು, ಅಂಚು ದಾಟಿ ಮೇಲೇರಬಾರದು. ಇದು ಮೊದಲ ಸೂತ್ರ. ಅಂಚು ದಾಟಿದ ಉರಿ ಕೋಣೆಯನ್ನು ಕಾಯಿಸುತ್ತದೆ, ಪಾತ್ರೆಯ ಹಿಡಿಯನ್ನು ಸುಡುತ್ತದೆ, ಅಡುಗೆ ಮಾಡುವವರ ಸೆರಗಿಗೆ ಹತ್ತುತ್ತದೆ. ಆದರೆ ಅನ್ನ ಬೇಯುವುದಿಲ್ಲ!

ಇದರ ಖರ್ಚನ್ನು ಲೆಕ್ಕ ಹಾಕಬಹುದು. ಒಂದು ಲೀಟರ್ ನೀರನ್ನು 25 ಡಿಗ್ರಿಯಿಂದ 95 ಡಿಗ್ರಿಗೆ ಏರಿಸಲು 70 ಕಿಲೋಕ್ಯಾಲರಿ ಬೇಕು. ಒಂದು ಗ್ರಾಂ ಎಲ್‌ಪಿಜಿ ಉರಿದರೆ ಸುಮಾರು 11 ಕಿಲೋಕ್ಯಾಲರಿ ಸಿಗುತ್ತದೆ. ಎಲ್ಲ ಶಾಖವೂ ನೀರಿಗೇ ಹೋದರೆ 6.4 ಗ್ರಾಂ ಸಾಕು. ಆದರೆ ಹಾಗಾಗುವುದಿಲ್ಲ. ಭಾರತೀಯ ಮಾನಕ ಬ್ಯೂರೋ ಮನೆಬಳಕೆಯ ಒಲೆಗಳಿಗೆ ನಿಗದಿ ಮಾಡಿದ ಕನಿಷ್ಠ ಉಷ್ಣದಕ್ಷತೆ ಶೇಕಡಾ 68. ಆ ಲೆಕ್ಕದಲ್ಲಿ 9.4 ಗ್ರಾಂ ಬೇಕು. ನಾವು ಉರಿಯನ್ನು ಅಂಚು ದಾಟಿಸಿ, ಮುಚ್ಚಳವಿಲ್ಲದೆ ಕಾಯಿಸಿ ದಕ್ಷತೆಯನ್ನು ಶೇಕಡಾ 40ಕ್ಕೆ ಇಳಿಸಿದೆವು ಎನ್ನಿ, ಆಗ 16 ಗ್ರಾಂ. ದಿನಕ್ಕೆ ಹತ್ತಾರು ಸಲ ಕಾಯಿಸುವ ಮನೆಯಲ್ಲಿ ಇದು ತಿಂಗಳ ಕೊನೆಗೆ ಎಷ್ಟಾಗುತ್ತದೆಂದು ನೀವೇ ಗುಣಿಸಿ ನೋಡಿ.

ಎರಡನೆಯ ಸೂತ್ರ: ಒಲೆಯ ಅಳತೆ ಮೀರಿದ ಪಾತ್ರೆ ಬೇಡ. ತೀರ ಅಗಲವಾದ ಪಾತ್ರೆಯೋ ಹಂಚೋ ಎರಡೂ ಬರ್ನರುಗಳನ್ನು ಮುಚ್ಚಿದರೆ ಉರಿಗೆ ಗಾಳಿ ಸಿಗುವುದಿಲ್ಲ. ಬಿಸಿ ಮೇಲೆ ಹೋಗಲಾರದೆ ಕೆಳಕ್ಕೆ ಹೊರಳಿ ನಾಬುಗಳಿಗೆ, ರಬ್ಬರ್ ಟ್ಯೂಬಿಗೆ ತಾಗುತ್ತದೆ. ನಮ್ಮ ಮನೆಯಲ್ಲಿ ನಡೆದದ್ದು ಇದೇ. ಹಬ್ಬಕ್ಕೆ ಬೀಗರು ಬರುತ್ತಾರೆಂದು ಹಿಂದಿನ ಸಂಜೆ ಕಟ್ಟಿಗೆ ಒಲೆಯ ದೊಡ್ಡ ಹಂಚನ್ನು ತಂದು ಗ್ಯಾಸ್ ಒಲೆಯ ಮೇಲೆ ಅಡ್ಡಲಾಗಿ ಇಟ್ಟು ಐವತ್ತು ಅರವತ್ತು ರೊಟ್ಟಿ ಬಡಿದಿದ್ದರು. ಒಲೆಯ ಅಡಿಯಲ್ಲಿ ಸುತ್ತಿಕೊಂಡಿದ್ದ ಟ್ಯೂಬ್ ಕಾದು ಮೆತ್ತಗಾಗಿ ಬಿರುಕು ಬಿಟ್ಟಿತ್ತು. ರಾತ್ರಿ ದಣಿದು ರೆಗ್ಯುಲೇಟರ್ ಬಂದ್ ಮಾಡುವುದನ್ನು ಎಲ್ಲರೂ ಮರೆತಿದ್ದರು. ಇನ್ನೊಂದು ಮಾತನ್ನೂ ಒಪ್ಪಿಕೊಳ್ಳಬೇಕು. ಆ ಟ್ಯೂಬು ಒಲೆಯ ಜೊತೆ ಬಂದದ್ದಲ್ಲ. ಉದ್ದ ಸಾಲದೆಂದು, ಅಗ್ಗಕ್ಕೆ ಸಿಕ್ಕಿತೆಂದು ಪೇಟೆಯಿಂದ ಸಾದಾ ಟ್ಯೂಬು ತಂದು ಹಾಕಿದವನು ನಾನೇ.

ಇಂದು ಒಳಗೆ ಉಕ್ಕಿನ ತಂತಿಯ ಹೆಣಿಗೆ ಇರುವ 'ಸುರಕ್ಷಾ' ಟ್ಯೂಬುಗಳು ಸಿಗುತ್ತವೆ. ಐದು ವರ್ಷಕ್ಕೊಮ್ಮೆ ಬದಲಿಸಬೇಕು. ಅವಧಿಯನ್ನು ಅದರ ಮೇಲೆಯೇ ಅಚ್ಚು ಹಾಕಿರುತ್ತಾರೆ. ಟ್ಯೂಬಿಗೆ ಬಟ್ಟೆ ಸುತ್ತಬೇಡಿ, ಪ್ಲಾಸ್ಟಿಕ್ ಹೊದಿಸಬೇಡಿ, ಬಿರುಕು ಕಾಣುವುದಿಲ್ಲ. ಸಿಲಿಂಡರ್ ನೆಲದ ಮೇಲೂ ಒಲೆ ಅದಕ್ಕಿಂತ ಎತ್ತರದ ಕಟ್ಟೆಯ ಮೇಲೂ ಇರಲಿ. ಸೋರಿಕೆಯ ಅನುಮಾನವಿದ್ದರೆ ಸೋಪಿನ ನೊರೆ ಹಚ್ಚಿ ಗುಳ್ಳೆ ಏಳುತ್ತದೆಯೇ ನೋಡಿ. ಕಡ್ಡಿ ಗೀರಿ ಪರೀಕ್ಷಿಸುವ ಮಾತನ್ನು ಕನಸಿನಲ್ಲೂ ಎತ್ತಬೇಡಿ.

ಮದುವೆ, ಜಾತ್ರೆಗಳ ಕೊಪ್ಪರಿಗೆ, ಹಂಡೆಗಳನ್ನು ಮನೆಯ ಒಲೆ ಹೊರಲಾರದು. ಅದಕ್ಕೆ ದೊಡ್ಡ ಒಲೆಗಳೂ 19 ಕಿಲೋಗ್ರಾಮಿನ ವಾಣಿಜ್ಯ ಸಿಲಿಂಡರುಗಳೂ ಬೇರೆಯೇ ಇವೆ. ಇನ್ನು ತೀರ ಚಿಕ್ಕ ಪಾತ್ರೆಯ ಅಪಾಯವೂ ಕಡಿಮೆಯಲ್ಲ. ಚಹಾದ ಪುಟ್ಟ ಪಾತ್ರೆ ಸ್ಟ್ಯಾಂಡಿನ ಮೇಲೆ ನೆಟ್ಟಗೆ ಕೂರದೆ ವಾಲುತ್ತದೆ. ಅದನ್ನು ಚಿಕ್ಕ ಬರ್ನರಿನ ಮೇಲೆ ಇಡಿ. ಹಿಡಿಯನ್ನು ಯಾವಾಗಲೂ ಒಳಮುಖವಾಗಿ ತಿರುಗಿಸಿ. ಹೊರಗೆ ಚಾಚಿದ ಹಿಡಿ ಕೂಸುಗಳ ಕೈಗೆ ಎಟಕುತ್ತದೆ. ಇಳಿಸಲು ಸೆರಗು ಬಳಸದೆ ಇಕ್ಕಳ ಬಳಸಿ.

ಯಾವ ಲೋಹ, ಯಾವ ಅಡುಗೆ?

ಶಾಖ ಹರಿಯುವ ವೇಗ ಎಲ್ಲ ಲೋಹಗಳಲ್ಲೂ ಒಂದೇ ಅಲ್ಲ. ಉಷ್ಣವಾಹಕತೆಯನ್ನು ಸುಮಾರು ಅಂಕಿಗಳಲ್ಲಿ ಹೇಳುವುದಾದರೆ ತಾಮ್ರಕ್ಕೆ 400, ಅಲ್ಯೂಮಿನಿಯಮ್ಮಿಗೆ 235, ಎರಕದ ಕಬ್ಬಿಣಕ್ಕೆ 50, ಸ್ಟೇನ್‌ಲೆಸ್ ಸ್ಟೀಲಿಗೆ ಕೇವಲ 15. ಮಣ್ಣಿನ ಮಡಕೆಗೆ ಒಂದರ ಆಸುಪಾಸು.

ಸ್ಟೀಲ್ ಪಾತ್ರೆಯಲ್ಲಿ ಉಪ್ಪಿಟ್ಟು ಉರಿ ತಾಗಿದಲ್ಲಿ ಮಾತ್ರ ಉಂಗುರದಂತೆ ಸೀಯುವುದೇಕೆಂದು ಈಗ ತಿಳಿಯಿತಲ್ಲ? ಶಾಖ ಪಕ್ಕಕ್ಕೆ ಬೇಗ ಹರಡುವುದಿಲ್ಲ. ಹೀಗಾಗಿಯೇ ಸ್ಟೀಲಿನ ತಳಕ್ಕೆ ತಾಮ್ರವನ್ನೋ ಅಲ್ಯೂಮಿನಿಯಮ್ಮನ್ನೋ ಸೇರಿಸಿದ ದಪ್ಪ ತಳದ ಪಾತ್ರೆಗಳನ್ನು ಮಾಡುತ್ತಾರೆ. ಸ್ಟೀಲ್ ಹುಳಿಗೆ ಜಗ್ಗುವುದಿಲ್ಲ, ತುಕ್ಕು ಹಿಡಿಯುವುದಿಲ್ಲ. ಸಾರು, ಹುಳಿ, ಹಾಲಿಗೆ ಒಳ್ಳೆಯದು.

ನಮ್ಮ ಕಡೆ 'ಜರ್ಮನ್ ಡಬರಿ' ಎಂದು ಕರೆಯುವ ಅಲ್ಯೂಮಿನಿಯಮ್ ಪಾತ್ರೆ ಹಗುರ, ಅಗ್ಗ, ಬೇಗ ಕಾಯುತ್ತದೆ. ಆದರೆ ಹುಣಸೆಹುಳಿ, ಟೊಮೇಟೊ, ಮಜ್ಜಿಗೆಯಂಥವು ಅದರೊಡನೆ ವರ್ತಿಸುತ್ತವೆ. ಅಂಥವನ್ನು ಅದರಲ್ಲಿ ಕುದಿಸಿ ಹಾಗೆಯೇ ಇಡಬಾರದು. ಅಲ್ಯೂಮಿನಿಯಮ್ ಕರಗುವುದು 660 ಡಿಗ್ರಿಯಲ್ಲಿ. ಖಾಲಿ ಪಾತ್ರೆಯನ್ನು ದೊಡ್ಡ ಉರಿಯ ಮೇಲೆ ಮರೆತರೆ ತಳವೇ ಕರಗಿಹೋಗಬಹುದು.

ಹಿತ್ತಾಳೆ, ತಾಮ್ರದ ಪಾತ್ರೆಗಳಿಗೆ ಒಳಗೆ ಕಲಾಯಿ ಇರಲೇಬೇಕು. ಕಲಾಯಿ ಎಂದರೆ ತವರದ ತೆಳು ಲೇಪ. ತವರ ಕರಗುವುದು 232 ಡಿಗ್ರಿಯಲ್ಲಿ. ಪಾತ್ರೆಯೊಳಗೆ ನೀರು ಇರುವವರೆಗೆ ಉಷ್ಣತೆ 100 ಡಿಗ್ರಿ ದಾಟದು; ಕಲಾಯಿಗೆ ಭಯವಿಲ್ಲ. ಖಾಲಿ ಪಾತ್ರೆಯನ್ನು ಗ್ಯಾಸ್ ಉರಿಯ ಮೇಲಿಟ್ಟರೆ ಲೇಪ ಕರಗಿ ಮುದ್ದೆಯಾಗುತ್ತದೆ. ಅಜ್ಜಿಯ ಕಾಲದ ಬೋಗುಣಿಯನ್ನು ಮತ್ತೆ ಬಳಸುವ ಉತ್ಸಾಹವಿದ್ದವರು ಮೊದಲು ನೀರು ಅಥವಾ ಎಸರು ಹಾಕಿ, ಆಮೇಲೆ ಉರಿ ಹಚ್ಚಲಿ. ನಾನ್‌ಸ್ಟಿಕ್ ತವಾಗಳಿಗೂ ಇದೇ ಮಾತು ಸಲ್ಲುತ್ತದೆ. ಅವುಗಳ ಲೇಪ ಸುಮಾರು 260 ಡಿಗ್ರಿ ದಾಟಿದ ಮೇಲೆ ಕೆಡತೊಡಗುತ್ತದೆ. ಖಾಲಿ ಕಾಯಿಸಬೇಡಿ, ಉರಿ ಸಣ್ಣದಿರಲಿ, ಲೋಹದ ಸೌಟು ತಾಗಿಸಬೇಡಿ.

ಹಾಗಾದರೆ ಜೋಳದ ರೊಟ್ಟಿಗೆ? ಅದಕ್ಕೆ ಕಬ್ಬಿಣದ ಹಂಚಿಗೆ ಸಮನಾದದ್ದು ನನಗಂತೂ ಕಂಡಿಲ್ಲ. ಕಬ್ಬಿಣ ನಿಧಾನ ಕಾಯುತ್ತದೆ, ಆದರೆ ಶಾಖವನ್ನು ಹಿಡಿದಿಟ್ಟುಕೊಳ್ಳುತ್ತದೆ. ಒಂದೇ ದಪ್ಪದ ಹಂಚುಗಳನ್ನು ಹೋಲಿಸಿದರೆ ಅಲ್ಯೂಮಿನಿಯಮ್ಮಿಗಿಂತ ಕಬ್ಬಿಣ ಸುಮಾರು ಒಂದೂವರೆ ಪಟ್ಟು ಶಾಖವನ್ನು ಕೂಡಿಡುತ್ತದೆ. ಹಸಿ ರೊಟ್ಟಿ ಬಿದ್ದಾಗ, ಮೇಲೆ ನೀರು ಸವರಿದಾಗ ಹಂಚು ತಣ್ಣಗಾಗಿಬಿಡದೆ ಒಳಗಿನ ತೇವವನ್ನು ಆವಿ ಮಾಡಿ ರೊಟ್ಟಿಯನ್ನು ಉಬ್ಬಿಸುತ್ತದೆ. ಆದರೆ ಗ್ಯಾಸಿನ ಮೇಲೆ ಹಂಚಿನ ಅಗಲ ಒಂದು ಬರ್ನರಿಗೆ ಒಪ್ಪುವಷ್ಟೇ ಇರಲಿ, ನಡುವೆ ಗುಳಿಬಿದ್ದು ಅಲುಗಾಡದಿರಲಿ. ಮಣ್ಣಿನ ಹಂಚು ಕಟ್ಟಿಗೆ ಒಲೆಯ ಹರಡಿದ ಉರಿಗೆ ಹೊಂದಿಕೊಂಡದ್ದು. ಗ್ಯಾಸಿನ ಉರಿ ಒಂದೇ ಜಾಗಕ್ಕೆ ಹೊಡೆಯುವುದರಿಂದ ಒಂದು ಭಾಗ ಹಿಗ್ಗಿ, ಇನ್ನೊಂದು ಹಿಗ್ಗದೆ, ಬಿರಿಯುತ್ತದೆ. ಬಳಸಲೇಬೇಕೆಂದರೆ ಸಣ್ಣ ಉರಿಯಲ್ಲಿ ಮೆಲ್ಲಗೆ ಕಾಯಿಸಿ.

ಮುಚ್ಚಳ ಮತ್ತು ಕುಕ್ಕರ್

ನೀರು ಕುದಿಯಲು ಶುರುವಾದ ಮೇಲೆ ಉರಿ ಎಷ್ಟೇ ಜೋರು ಮಾಡಿದರೂ ಅದರ ಉಷ್ಣತೆ ಏರುವುದಿಲ್ಲ. ಗದಗ ಸಮುದ್ರಮಟ್ಟದಿಂದ ಸುಮಾರು 650 ಮೀಟರ್ ಎತ್ತರದಲ್ಲಿದೆ. ಅಲ್ಲಿ ನೀರು ಸುಮಾರು 98 ಡಿಗ್ರಿಯಲ್ಲೇ ಕುದಿಯುತ್ತದೆ. ಹೆಚ್ಚಿನ ಉರಿಯೆಲ್ಲ ನೀರನ್ನು ಆವಿ ಮಾಡುವುದಕ್ಕೆ ಹೋಗುತ್ತದೆ. ಒಂದು ಕಿಲೋಗ್ರಾಂ ನೀರನ್ನು ಆವಿ ಮಾಡಲು ಸುಮಾರು 540 ಕಿಲೋಕ್ಯಾಲರಿ! ಆದ್ದರಿಂದ ಕುದಿ ಬಂದ ಕೂಡಲೇ ಉರಿ ಸಣ್ಣ ಮಾಡಿ, ಮುಚ್ಚಳ ಹಾಕಿ.

ಆವಿಯನ್ನು ಹೊರಗೆ ಬಿಡದೆ ಒತ್ತಡ ಹೆಚ್ಚಿಸಿದರೆ ಕುದಿಯುವ ಬಿಂದು ಏರುತ್ತದೆ. ಡೆನಿಸ್ ಪಾಪಿನ್ 1679ರಲ್ಲಿ ಇದನ್ನು ಮಾಡಿ ತೋರಿಸಿದ. ಇಂದಿನ ಕುಕ್ಕರಿನಲ್ಲಿ ಉಷ್ಣತೆ ಸುಮಾರು 120 ಡಿಗ್ರಿ ಮುಟ್ಟುತ್ತದೆ, ಬೇಳೆ ಬೇಗ ಬೇಯುತ್ತದೆ. ಆದರೆ ನಿಯಮಗಳನ್ನು ಮರೆಯಬಾರದು. ಮೂರನೆಯ ಎರಡು ಭಾಗಕ್ಕಿಂತ ಹೆಚ್ಚು ತುಂಬಬಾರದು. ಬೇಳೆಯಂತೆ ನೊರೆ ಬರುವ ಪದಾರ್ಥವಾದರೆ ಅರ್ಧ ಸಾಕು. ಪ್ರತಿ ಸಲ ಆವಿ ಬರುವ ನಳಿಗೆಯನ್ನು ಬೆಳಕಿಗೆ ಹಿಡಿದು ನೋಡಬೇಕು. ಒತ್ತಡ ತಾನಾಗಿ ಇಳಿಯುವ ಮೊದಲು ಮುಚ್ಚಳ ಎಳೆಯಬಾರದು. ಸುರಕ್ಷತಾ ವಾಲ್ವ್ ಕರಗಿಹೋದರೆ ಅದಕ್ಕೆ ತಕ್ಕುದನ್ನೇ ಹಾಕಿಸಬೇಕು, ಬೇರೇನನ್ನೋ ತುರುಕಬಾರದು. ಕೊಳ್ಳುವಾಗ ಐಎಸ್‌ಐ ಗುರುತು ನೋಡಬೇಕು. ಒಲೆಗೂ ಇದೇ ನಿಯಮ.

ಬಾಡಿಗೆ ಕೋಣೆಯ ಅಡುಗೆ

ಕಾಲೇಜು ವಿದ್ಯಾರ್ಥಿಗಳಿಗೆ ಒಂದು ವಿಶೇಷ ಮಾತು. ಊರು ಬಿಟ್ಟು ಹುಬ್ಬಳ್ಳಿ, ಧಾರವಾಡ, ಬೆಂಗಳೂರುಗಳಲ್ಲಿ ಕೋಣೆ ಹಿಡಿದು ಓದುವವರು ನೀವು. ಚಿಕ್ಕ ಸಿಲಿಂಡರ್, ಅದರ ನೆತ್ತಿಯ ಮೇಲೆಯೇ ತಿರುಪಿದ ಬರ್ನರ್. ಇದು ನಿಮ್ಮ ಅಡುಗೆಮನೆ. ಇಲ್ಲಿ ಸಿಲಿಂಡರಿಗೂ ಉರಿಗೂ ನಡುವೆ ಒಂದು ಗೇಣು ಅಂತರ. ಐದಾರು ಗೆಳೆಯರಿಗೆ ಅನ್ನ ಮಾಡಲೆಂದು ಅಗಲವಾದ ಪಾತ್ರೆ ಇಟ್ಟರೆ ಅದು ಕೊಡೆಯಂತೆ ಬಿಸಿಯನ್ನು ಸಿಲಿಂಡರಿನ ಮೇಲೆಯೇ ಕವುಚುತ್ತದೆ. ದ್ರವ ಕಾದಂತೆ ಒಳಗಿನ ಒತ್ತಡ ಏರುತ್ತದೆ. ಜೊತೆಗೆ ಭಾರ ಮೇಲೆ, ಬುಡ ಕಿರಿದು; ಮೊಣಕೈ ತಾಗಿದರೆ ಎಲ್ಲವೂ ಉರುಳುತ್ತದೆ. ಅಂಥ ಬರ್ನರಿನ ಮೇಲೆ ಚಿಕ್ಕ ಪಾತ್ರೆಯನ್ನಷ್ಟೇ ಇಡಿ. ಸಮತಟ್ಟಾದ ನೆಲದಲ್ಲಿ, ಹಾಸಿಗೆ ಪುಸ್ತಕಗಳಿಂದ ದೂರ, ಕಿಟಕಿ ತೆರೆದು ಅಡುಗೆ ಮಾಡಿ.

ಇದಕ್ಕಿಂತ ದೊಡ್ಡ ಅಪಾಯ, ಸಂದಿಗೊಂದಿಗಳಲ್ಲಿ ದೊಡ್ಡ ಸಿಲಿಂಡರಿನಿಂದ ಚಿಕ್ಕದಕ್ಕೆ ಗ್ಯಾಸ್ ತುಂಬಿಸಿಕೊಳ್ಳುವುದು. ಅದು ಕಾನೂನಿಗೆ ವಿರುದ್ಧ. ಅಲ್ಲಿ ಎಷ್ಟು ತುಂಬಿದರೆಂಬುದಕ್ಕೆ ಅಳತೆಯಿಲ್ಲ, ಆವಿಗೆ ಜಾಗ ಉಳಿದಿದೆಯೇ ಎಂಬುದಕ್ಕೆ ಖಾತ್ರಿಯಿಲ್ಲ. ಗ್ಯಾಸ್ ಕಂಪನಿಗಳೇ 5 ಕಿಲೋಗ್ರಾಮಿನ ಸಿಲಿಂಡರುಗಳನ್ನು ಮಾರುತ್ತವೆ, ಅದನ್ನೇ ಕೊಳ್ಳಿ. ಯಾವ ಸಿಲಿಂಡರ್ ಬಂದರೂ ಅದರ ಹಿಡಿಯ ಪಟ್ಟಿಯ ಒಳಬದಿಯನ್ನು ನೋಡಿ. 'ಎ', 'ಬಿ', 'ಸಿ', 'ಡಿ' ಎಂಬ ಒಂದು ಇಂಗ್ಲಿಷ್ ಅಕ್ಷರವೂ ಎರಡು ಅಂಕಿಗಳೂ ಇರುತ್ತವೆ. 'ಎ' ಎಂದರೆ ಜನವರಿಯಿಂದ ಮಾರ್ಚ್, 'ಬಿ' ಎಂದರೆ ಏಪ್ರಿಲ್‌ನಿಂದ ಜೂನ್, ಹೀಗೆ ಮುಂದಕ್ಕೆ. ಅಂಕಿ ವರ್ಷವನ್ನು ಹೇಳುತ್ತದೆ. ಅದು ಆ ಸಿಲಿಂಡರನ್ನು ಮತ್ತೆ ಪರೀಕ್ಷೆಗೆ ಒಳಪಡಿಸಬೇಕಾದ ಅವಧಿ. ಅವಧಿ ಮೀರಿದ್ದರೆ ಹಿಂದಕ್ಕೆ ಕಳಿಸಿ.

ಅವಘಡವಾದರೆ

ವಾಸನೆ ಬಂದಾಗ ಏನು ಮಾಡಬೇಕೆಂಬುದನ್ನು ಸಾಲಾಗಿ ನೆನಪಿಡಿ. ಸ್ವಿಚ್ ಮುಟ್ಟಬೇಡಿ. ದೇವರ ದೀಪ, ಊದಿನಕಡ್ಡಿ ಇದ್ದರೆ ನಂದಿಸಿ. ರೆಗ್ಯುಲೇಟರ್ ಬಂದ್ ಮಾಡಿ. ಬಾಗಿಲು ಕಿಟಕಿ ತೆರೆಯಿರಿ. ಮನೆಯವರನ್ನೆಲ್ಲ ಹೊರಗೆ ಕರೆತನ್ನಿ. ಹೊರಗೆ ಬಂದ ಮೇಲೆಯೇ ಫೋನ್ ಮಾಡಿ. ಗ್ಯಾಸ್ ಸೋರಿಕೆಗೆ ದಿನದ 24 ಗಂಟೆಯೂ ಇರುವ ಸಹಾಯವಾಣಿ 1906. ಬೆಂಕಿ ಹತ್ತಿದ್ದರೆ 101 ಅಥವಾ 112.

ಬಾಣಲೆಯ ಎಣ್ಣೆಗೆ ಬೆಂಕಿ ಹತ್ತಿದರೆ ನೀರು ಸುರಿಯಬೇಡಿ. ನೀರು ಎಣ್ಣೆಗಿಂತ ಭಾರ. ತಳಕ್ಕಿಳಿದು ಕ್ಷಣದಲ್ಲಿ ಆವಿಯಾಗಿ ಸುಮಾರು 1,700 ಪಟ್ಟು ಹಿಗ್ಗಿ ಉರಿಯುವ ಎಣ್ಣೆಯನ್ನು ಮನೆತುಂಬ ಎರಚುತ್ತದೆ. ಗ್ಯಾಸ್ ಬಂದ್ ಮಾಡಿ, ಒಂದು ತಟ್ಟೆಯನ್ನೋ ಮುಚ್ಚಳವನ್ನೋ ಬದಿಯಿಂದ ಜಾರಿಸಿ ಮುಚ್ಚಿ, ತಣ್ಣಗಾಗುವವರೆಗೆ ತೆಗೆಯಬೇಡಿ. ಬಟ್ಟೆಗೆ ಬೆಂಕಿ ಹತ್ತಿದವರು ಓಡಬಾರದು. ಓಡಿದರೆ ಗಾಳಿ ಸಿಕ್ಕು ಉರಿ ಏಳುತ್ತದೆ. ನೆಲಕ್ಕೆ ಮಲಗಿಸಿ, ದಪ್ಪ ಕಂಬಳಿಯನ್ನೋ ಹತ್ತಿಯ ಕೌದಿಯನ್ನೋ ಹೊದಿಸಿ ಉರುಳಿಸಿ. ಸುಟ್ಟ ಜಾಗಕ್ಕೆ ಇಪ್ಪತ್ತು ನಿಮಿಷ ಹರಿಯುವ ತಣ್ಣೀರು ಹಿಡಿಯಿರಿ. ಪೇಸ್ಟು, ಶಾಯಿ, ತುಪ್ಪ ಯಾವುದೂ ಬೇಡ. ಆಮೇಲೆ ವೈದ್ಯರ ಬಳಿಗೆ ಹೋಗಿ. ಅಡುಗೆ ಮಾಡುವಾಗ ನೈಲಾನ್ ಬಟ್ಟೆ ಬಿಟ್ಟು ಹತ್ತಿಯದನ್ನು ಉಡುವುದು ಲೇಸು. ನೈಲಾನ್ ಕರಗಿ ಮೈಗೆ ಅಂಟುತ್ತದೆ.

ಮುಗಿಸುವ ಮುನ್ನ

ಒಲೆಯ ವಿಜ್ಞಾನ ನಮ್ಮ ನಾಡಿಗೆ ಹೊಸದಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಎ.ಕೆ.ಎನ್. ರೆಡ್ಡಿಯವರ ಮುಂದಾಳತ್ವದಲ್ಲಿ 'ಅಸ್ತ್ರ' ಎಂಬ ಕೇಂದ್ರ ಹುಟ್ಟಿತು. ಅಲ್ಲಿನ ವಿಜ್ಞಾನಿಗಳು ಹಳ್ಳಿಯ ಕಟ್ಟಿಗೆ ಒಲೆಯನ್ನು ಅಳೆದು ತೂಗಿ, ಹೊಗೆ ಕಡಿಮೆ ಮಾಡಿ ಕಟ್ಟಿಗೆ ಉಳಿಸುವ 'ಅಸ್ತ್ರ ಒಲೆ'ಯನ್ನು ರೂಪಿಸಿದರು. ಪಾತ್ರೆ ಒಲೆಯ ಬಾಯಿಗೆ ಸರಿಯಾಗಿ ಕೂರಬೇಕು ಎಂಬುದು ಅವರ ಒಲೆಯ ಗುಟ್ಟುಗಳಲ್ಲಿ ಒಂದು. 2016ರಲ್ಲಿ ಕೇಂದ್ರದ ಉಜ್ವಲಾ ಯೋಜನೆ, 2017ರಲ್ಲಿ ರಾಜ್ಯದ ಅನಿಲ ಭಾಗ್ಯ ಯೋಜನೆ ಬಂದ ಮೇಲೆ ಇನ್ನಷ್ಟು ಮನೆಗಳಿಗೆ ಗ್ಯಾಸ್ ತಲುಪಿತು. ಒಲೆ ಮನೆಗೆ ಬಂದಷ್ಟೇ ಬೇಗ ಅದರ ತಿಳಿವಳಿಕೆಯೂ ಬರಬೇಕಲ್ಲವೇ? ಆ ಕೆಲಸ ನಿಮ್ಮದು.

ಈ ಭಾನುವಾರ ಒಂದು ಗಂಟೆ ಮೀಸಲಿಡಿ. ಮನೆಯ ಟ್ಯೂಬಿನ ಅವಧಿ ಓದಿ, ಸಿಲಿಂಡರಿನ ಅಕ್ಷರ ನೋಡಿ. ಉರಿಯ ಬಣ್ಣ ಗಮನಿಸಿ. ಒಂದು ಲೀಟರ್ ನೀರನ್ನು ಮುಚ್ಚಳವಿಲ್ಲದೆ ಒಮ್ಮೆ, ಮುಚ್ಚಳ ಹಾಕಿ ಒಮ್ಮೆ ಕಾಯಿಸಿ ಕುದಿ ಬರುವ ಹೊತ್ತನ್ನು ಗಡಿಯಾರದಲ್ಲಿ ಗುರುತಿಸಿ. ದೊಡ್ಡವರೊಬ್ಬರು ಜೊತೆಗಿರಲಿ. ಕಂಡದ್ದನ್ನು ಅವ್ವನಿಗೆ, ಅಕ್ಕನಿಗೆ, ಪಕ್ಕದ ಮನೆಯ ಕಾಕುಗೆ ಹೇಳಿ. ಅಡುಗೆ ಮಾಡುವುದು ಹೆಣ್ಣುಮಕ್ಕಳ ಕೆಲಸ ಎಂದುಕೊಂಡು ಗಂಡುಹುಡುಗರು ಜಾರಿಕೊಳ್ಳಬಾರದು. ಸೋರಿದ ಅನಿಲ ಗಂಡು ಹೆಣ್ಣು ನೋಡುವುದಿಲ್ಲ.

ನಮ್ಮ ಅವ್ವ ಈಗಲೂ ಹಿರೇಹಂದಿಗೋಳದಲ್ಲಿಯೇ ಇದ್ದಾಳೆ. ರೊಟ್ಟಿಗೆ ಈಗ ಒಂದು ಬರ್ನರಿನ ಅಳತೆಯ ಹಂಚು. ದೊಡ್ಡ ಹಂಚು ಹಿತ್ತಲ ಕಟ್ಟಿಗೆ ಒಲೆಗೆ ಮರಳಿದೆ. ರಾತ್ರಿ ಫೋನ್ ಮಾಡಿದಾಗ ನಾನು ಕೇಳುವ ಮೊದಲೇ ಅವಳು ಹೇಳುತ್ತಾಳೆ, "ರೆಗ್ಯುಲೇಟರ್ ಬಂದ್ ಮಾಡೇನಿ. ನೀ ಮಾಡೀಯೇನು?"

ಒಮ್ಮೊಮ್ಮೆ ನಾನು ಎದ್ದು ಹೋಗಿ ನೋಡಿ ಬಂದು ಉತ್ತರ ಹೇಳಬೇಕಾಗುತ್ತದೆ. ನೀವೂ ಈಗಲೇ ಒಮ್ಮೆ ನೋಡಿ ಬನ್ನಿ.